ಜೈತೂನ ಗಿಡ ಬಲ್ಲವರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಮಾವನವರ ಮನೆತನದ ಹೆಸರನ್ನೂ ಬರೆಯುವುದಿಲ್ಲ. ಆ ಎರಡು ಹೆಸರುಗಳು ಒಮ್ಮೆ ಕೋರ್ಟಿನ ಕಾಗದದಲ್ಲಿ ಎದುರುಬದುರಾಗಿ ಬಂದಿದ್ದವು, ಅಷ್ಟು ಸಾಕು. ನಾವೆಲ್ಲ ಅವರನ್ನು ಮಾಲಿ ಎನ್ನುತ್ತಿದ್ದೆವು. ನನಗಿಂತ ಇಪ್ಪತ್ತೈದು ವರ್ಷಕ್ಕಾದರೂ ದೊಡ್ಡವರು, ಆದರೂ ‘ಬಾ’, ‘ಹೋಗು’ ಎಂದೇ ಮಾತಾಡಿಸುತ್ತಿದ್ದೆವು. ಈಗ ಬರೆಯಲು ಕುಳಿತರೆ ಆ ಏಕವಚನ ಕೈಗೆ ಬರುವುದಿಲ್ಲ.

ತೆಳ್ಳಗೆ, ಎತ್ತರಕ್ಕಿದ್ದರು. ಮಳೆಗಾಲದಲ್ಲಿ ಮೊಣಕಾಲಿನವರೆಗೆ ಬರುವ ಹಳೆಯ ಪಲ್ಟನ್ ಕೋಟು ಹಾಕುತ್ತಿದ್ದರು. ಉಳಿದ ಕಾಲದಲ್ಲಿ ಒಂದು ಧೋತರ, ಒಂದು ಅಂಗಿ. ತೋಟದೊಳಗೆ ಎಂದೂ ಕಾಲಲ್ಲಿ ಚಪ್ಪಲಿ ಇಲ್ಲ. ಯುದ್ಧದಲ್ಲಿ ಪಕ್ಕದಲ್ಲೇ ತೋಪು ಹಾರಿ ಬಲಗಿವಿ ಮಂದವಾಗಿತ್ತು. ಆದ್ದರಿಂದ ಯಾರು ಮಾತಾಡಿದರೂ ಮುಖವನ್ನು ಪಕ್ಕಕ್ಕೆ ತಿರುಗಿಸಿ ಎಡಗಿವಿ ಕೊಡುತ್ತಿದ್ದರು. ಗೊತ್ತಿಲ್ಲದವರಿಗೆ ಅದು ಉದ್ಧಟತನದ ಹಾಗೆ ಕಾಣುತ್ತಿತ್ತು. ನಮ್ಮ ಅತ್ತೆಯವರಂತೂ, “ಮಾತಾಡಸಿದ್ರ ಮಾರಿ ತಿರುವತಾನ ನೋಡು” ಎಂದು ಕೊನೆಯವರೆಗೂ ಗೊಣಗುತ್ತಿದ್ದರು.

ಮಾವನವರು ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿಗಳು. ನಾನು ಸೊಸೆಯಾಗಿ ಬರುವುದಕ್ಕಿಂತ ಮೂರು ನಾಲ್ಕು ವರ್ಷ ಮುಂಚೆ ಹಡಗು ಹತ್ತಿ ಇಟಲಿಯ ಗಿರಣಿಗಳನ್ನು ನೋಡಿ ಬಂದಿದ್ದರು. ಅಲ್ಲಿ ಒಬ್ಬ ವ್ಯಾಪಾರಿ, ಸಮುದ್ರದ ಮೇಲಿನ ಗುಡ್ಡದಲ್ಲಿದ್ದ ತನ್ನ ರಜೆಯ ಮನೆಗೆ ಇವರನ್ನು ಕರೆದುಕೊಂಡು ಹೋಗಿದ್ದನಂತೆ. ಮನೆಯ ಸುತ್ತ ಅಂಜೂರ, ಬಾದಾಮಿ, ಆಕ್ರೋಡ, ದಾಳಿಂಬೆ, ಲಿಂಬೆ, ಆಲಿವ್ ಗಿಡಗಳು. ಗಿಡದ ಕೆಳಗೆ ಮೇಜು ಹಾಕಿ, ಬಂದ ಅತಿಥಿಗಳು ತಾವೇ ಕಿತ್ತುಕೊಂಡು ತಿನ್ನುವುದು. ಮಾವನವರಿಗೆ ಗಿರಣಿಗಳು ಮರೆತುಹೋದವು, ಆ ತೋಟ ಮರೆಯಲಿಲ್ಲ. ಊರಿಗೆ ಬಂದವರೇ ಹಿರೇಬೆಂಡಿಗೇರಿಯ ಆಚೆ ಹಳ್ಳದ ದಂಡೆಗೆ ಎಂಟು ಎಕರೆ ಹಿಡಿದರು. ಕೆಂಪು ಹೆಂಚಿನ ಒಂದು ಬಂಗಲೆ ಎಬ್ಬಿಸಿದರು. ಸಸಿಗಳು ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದವು. ಸುತ್ತಲಿನ ಹಳ್ಳಿಯವರು ಅದಕ್ಕೆ ಅಂಜೂರ ಬಂಗಲೆ ಎಂದರು. ಅತ್ತೆಯವರು ಹಾನಗಲ್ಲಿನವರು. ತಮ್ಮ ಕಡೆ ಮಾವಿನ ಗೊರಟೆ ಒಗೆದಲ್ಲಿ ಗಿಡವಾಗುವಾಗ ಈ ದೇಶಾಂತರದ ಕಟ್ಟಿಗೆಗಳಿಗೆ ಯಾಕಿಷ್ಟು ನೀರು ಹೊಯ್ಯಬೇಕು ಎಂಬುದು ಅವರ ತಕರಾರು.

ಈ ಗಿಡಗಳನ್ನು ಬಲ್ಲ ಮಾಲಿ ಬೇಕೆಂದು ಮಾವನವರು ಹುಡುಕಿಸಿದಾಗ, ತಡಸದ ಹೊರಗಿನ ಕೇರಿಯಲ್ಲಿ ಒಬ್ಬರಿದ್ದಾರೆ, ಮೊದಲನೆಯ ದೊಡ್ಡ ಯುದ್ಧದಲ್ಲಿ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಜೆರುಸಲೇಮಿನ ಕಡೆ ಹೋಗಿಬಂದವರು, ಎಂದು ಯಾರೋ ಹೇಳಿದರು. ಕರೆಸಿದರು. ಕಟ್ಟೆಯ ಕೆಳಗೆ ನಿಲ್ಲಿಸಿ, ಮೂರು ಟೊಂಗೆಗಳನ್ನು ಎಸೆದು, ಆಲಿವ್ ಯಾವುದು ಹೇಳು ಎಂದರು. ಅವರು ಎಲೆಯ ಕೆಳಗಿನ ಬೆಳ್ಳಿಬಣ್ಣ ನೋಡಿ ಒಂದನ್ನು ಎತ್ತಿಕೊಂಡು, “ಇದು ಜೈತೂನ್ರಿ” ಎಂದರಂತೆ.

ಆ ಗಿಡ ಅವರಿಗೆ ಹೇಗೆ ಗೊತ್ತು ಎಂಬುದನ್ನು ಒಂದು ದಿನ ನನಗೆ ಹೇಳಿದ್ದರು. ಆ ದೇಶದಲ್ಲಿ ಒಂದು ಚಳಿಗಾಲ ಅವರ ದಂಡು ಜೈತೂನ ತೋಪಿನಲ್ಲಿ ಬಿಡಾರ ಮಾಡಿತ್ತು. ಇವರು ಹೇಸರಗತ್ತೆಯನ್ನು ಒಂದು ಮರಕ್ಕೆ ಕಟ್ಟಿದ್ದರು. ಬೆಳಗಾಗುವುದರೊಳಗೆ ಅದು ಸುತ್ತಲೂ ತೊಗಟೆ ತಿಂದು ಮರವನ್ನು ಬೋಳು ಮಾಡಿತ್ತು. ಆ ತೋಪಿನ ಮುದುಕಿ ಬಂದು ಇವರಿಗೆ ತನ್ನ ಭಾಷೆಯಲ್ಲಿ ಬೈದಳು. ಬೈಯುತ್ತಲೇ ಅಳುತ್ತ ಆ ಗಾಯಕ್ಕೆ ಕೆಸರು ಮೆತ್ತಿ ಬಟ್ಟೆ ಸುತ್ತಿದಳು. ಇವರು ಪಕ್ಕದಲ್ಲಿ ಕುಳಿತು ನೀರು ತಂದುಕೊಟ್ಟರು. ಮೂರು ತಿಂಗಳು ಅಲ್ಲಿದ್ದಷ್ಟೂ ದಿನ ಬಿಡುವಾದಾಗ ಆ ಮುದುಕಿಯ ಹಿಂದೆ ತಿರುಗಿದರು. ಮಾತು ತಿಳಿಯದಿದ್ದರೂ ಕೈ ನೋಡಿ ಕಲಿತರು. “ಆಕಿ ಬೈದದ್ದ ನನಗ ಸಾಲಿ ಆತ್ರಿ” ಎಂದಿದ್ದರು.

ಈ ವರ್ಷ ಕಾಯಿ ಬಿಡುತ್ತದೋ ಇಲ್ಲವೋ ಎಂದು ಮಾವನವರು ಯಾವ ಗಿಡದ ಬಗ್ಗೆ ಕೇಳಿದರೂ ಅವರದು ಒಂದೇ ಉತ್ತರ: “ಕೇಳಿ ನೋಡ್ತೇನ್ರಿ.” ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣನ್ನು ಬೆರಳಿಂದ ಕೆದರಿ ಬೇರಿನ ಮೇಲೆ ಅಂಗೈ ಇಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು ಏನಿದೆಯೋ ಅದನ್ನು ಹೇಳುತ್ತಿದ್ದರು. ಕೇಳುವವರಿಗೆ ಅದು ಹಿತವೋ ಅಹಿತವೋ ಎಂದು ನೋಡುತ್ತಿರಲಿಲ್ಲ. ಅಂಜೂರ, ದಾಳಿಂಬೆ, ಲಿಂಬೆ ಚೆನ್ನಾಗಿ ಬಂದವು. ಜೈತೂನ ಎತ್ತರಕ್ಕೆ ಬೆಳೆದರೂ ಹೂ ಬಿಡಲಿಲ್ಲ. “ಇವಕ್ಕ ಥಂಡಿ ಸಾಲೂದಿಲ್ರಿ. ಬದಕ್ತಾವ, ಹಡಿಯೂದಿಲ್ಲ” ಎಂದರು.

ಆಕ್ರೋಡದ ಸಸಿ ಮಾತ್ರ ಹಡಗಿನಲ್ಲೇ ಒಣಗಿತ್ತು. ಪೆಟ್ಟಿಗೆ ಬಿಚ್ಚಿದ ದಿನವೇ ಅವರು ಬೇರು ತೊಳೆದು ನೋಡಿ, ಇದು ಸತ್ತಿದೆ ಎಂದರು. ಮಾವನವರಿಗೆ ಸಿಟ್ಟು ಬಂತು. ಸತ್ತಿದ್ದು ಯಾವುದು, ಬದುಕಿದ್ದು ಯಾವುದು ಎಂದು ನಿನ್ನಿಂದ ಕಲಿಯಬೇಕಾಗಿಲ್ಲ, ನೆಟ್ಟು ನೀರು ಹಾಕು ಎಂದರು. ಒಂದು ವರ್ಷ, ದಿನಕ್ಕೆರಡು ಕೊಡದಂತೆ, ಅವರು ಆ ಕಡ್ಡಿಗೆ ನೀರು ಹಾಕಿದರು. ಒಂದು ದಿನ ತಪ್ಪಿಸಲಿಲ್ಲ, ಮುಖ ಗಂಟಿಕ್ಕಲಿಲ್ಲ. ತಿಂಗಳಿಗೊಮ್ಮೆ ಮಾವನವರು ಬಂದಾಗ ಮಾತ್ರ, “ಸತ್ತೈತ್ರಿ” ಎಂದು ಮತ್ತೊಮ್ಮೆ ಹೇಳುತ್ತಿದ್ದರು. ಮಾವನವರು ಕೇಳದವರ ಹಾಗೆ ಮುಂದೆ ನಡೆಯುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದಿದ್ದ ನನಗೆ ಅದು ಆಗ ತಮಾಷೆಯಾಗಿ ಕಾಣುತ್ತಿತ್ತು.

ಮಾಲಿ ತಂದ ಹಣ್ಣನ್ನು ಅತ್ತೆಯವರು ಹಿತ್ತಲ ಕಟ್ಟೆಯ ಮೇಲೆ ಇಡಿಸಿ, ಎರಡು ನೀರಿನಲ್ಲಿ ತೊಳೆಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಇಡುವಾಗ ಅವರು ಒಂದೊಂದನ್ನೂ ಎಲೆ ಹಾಸಿ, ತೊಟ್ಟು ಮೇಲೆ ಬರುವಂತೆ ಸಾಲಾಗಿ ಜೋಡಿಸುತ್ತಿದ್ದರು. ಬಂಗಲೆಯ ಹೊಸ್ತಿಲನ್ನು ಅವರು ಒಂದು ದಿನವೂ ದಾಟಿದವರಲ್ಲ.

ಬಾದಾಮಿಯ ಎರಡು ಗಿಡಗಳಲ್ಲಿ ಒಂದು, ಒಂದೇ ಒಂದು ಸಲ ಹೂ ಬಿಟ್ಟಿತು. ಸಂಕ್ರಾಂತಿ ಕಳೆದ ಮೇಲೆ, ಒಂದೂ ಎಲೆಯಿಲ್ಲದ ಟೊಂಗೆಗಳ ತುಂಬ ಬಿಳಿಗೆಂಪು ಹೂ. ನೋಡಲು ಸುತ್ತಲಿನ ಜನ ಬಂದರು. ಬೇಸಿಗೆಯ ಕೊನೆಗೆ ಹತ್ತು ಹನ್ನೆರಡು ಕಾಯಿ ಸಿಕ್ಕವು. ನನ್ನ ನಾದಿನಿ, ಆಗ ಹದಿನಾಲ್ಕು ವರ್ಷದವಳು, ಒಂದನ್ನು ಒಡೆದು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದಳು. ದೂರದಲ್ಲಿ ಪಾತಿ ಮಾಡುತ್ತಿದ್ದ ಅವರು ಓಡಿಬಂದು ಕೈಯಲ್ಲಿದ್ದ ಬೆತ್ತದಿಂದ ಅವಳ ಕೈಗೆ ಹೊಡೆದು ಬೀಜ ಕೆಡವಿದರು. “ಉಗುಳ್ರಿ” ಎಂದು ಗದರಿದರು. ಅವರು ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾದಿನಿ ಹೆದರಿ ಉಗುಳಿದಳು. ಅದು ಕಹಿ ಬಾದಾಮಿ, ನಾಲ್ಕು ತಿಂದರೆ ಮಗುವಿನ ಜೀವಕ್ಕೆ ಅಪಾಯ ಎಂದು ಅವರು ಆಮೇಲೆ ತಣ್ಣಗೆ ಹೇಳಿದರು. ಅತ್ತೆಯವರಿಗೆ ಬೀಜದ ಕಹಿಗಿಂತ ಆ ಬೆತ್ತವೇ ದೊಡ್ಡದಾಯಿತು. ಮಗಳಿಗೆ ತಲೆಯ ಮೇಲೆ ನೀರು ಹಾಕಿಸಿ, ಸಂಜೆ ಮಾವನವರು ಬಂದ ಕೂಡಲೇ ದೂರು ಹೇಳಿದರು. ಮಾವನವರು ಮಾಲಿಯನ್ನು ಕರೆಸಿ ಬೈದರು. ಅವರು ಎಡಗಿವಿ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡು, ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ.

ಇದೆಲ್ಲ ಎರಡನೆಯ ಯುದ್ಧ ಶುರುವಾಗುವ ಮೊದಲಿನ ಮಾತು. ಯುದ್ಧ ಶುರುವಾದ ಮರುವರ್ಷ ದೀಪಾವಳಿಗೆ ನಾವು ಬಂಗಲೆಗೆ ಹೋದೆವು. ನನಗೆ ಆಗ ಆರು ತಿಂಗಳು. ನಾದಿನಿಯ ಸಂಬಂಧ ಸವಣೂರಿನ ಒಂದು ದೊಡ್ಡ ಮನೆತನದಲ್ಲಿ ಕೂಡಿಬಂದಿತ್ತು, ಎಲೆಬಳ್ಳಿ ತೋಟದವರು. ಹಬ್ಬವಾದ ನಾಲ್ಕನೆಯ ದಿನ ಗಂಡಿನ ಕಡೆಯವರು ಬಂಗಲೆಗೇ ಬಂದು ನಿಶ್ಚಯ ಮಾಡುವುದೆಂದು ಮಾತಾಗಿತ್ತು. ಮಾವನವರಿಗೆ ಅವರಿಗೆ ತೋಟ ತೋರಿಸುವ ಹುರುಪು. ಆದರೆ ತೋಟದಲ್ಲಿ ತಿನ್ನುವಂಥ ಬಾದಾಮಿಯಿಲ್ಲ, ಆಕ್ರೋಡವಿಲ್ಲ, ಪಿಸ್ತಾದ ಸಸಿಯಂತೂ ಬರಲೇ ಇಲ್ಲ. ಆದ್ದರಿಂದ ಮುಂಬಯಿಯಿಂದ ನಾಲ್ಕು ಚೀಲ ತರಿಸಿ, ಹುಬ್ಬಳ್ಳಿಯ ತಮ್ಮ ಹತ್ತಿ ದಾಸ್ತಾನಿನ ವಖಾರದಲ್ಲಿ ಕೆಲವು ದಿನ ಇಟ್ಟು, ಬಂಗಲೆಗೆ ಸಾಗಿಸಿ ಉಗ್ರಾಣದ ಕೋಣೆಯಲ್ಲಿ ಪೇರಿಸಿದ್ದರು. ಬೀಗರು ಹೋಗುವಾಗ ನಮ್ಮ ತೋಟದ್ದು ಎಂದು ಬುಟ್ಟಿ ತುಂಬಿ ಕೊಡುವ ಆಲೋಚನೆ.

ಹಬ್ಬದ ಮರುದಿನ ಅಂಜೂರದ ಬುಡದಲ್ಲಿ ಒಂದು ಇಲಿ ಸತ್ತುಬಿದ್ದಿತ್ತು. ಮಾಲಿ ಅದನ್ನು ಕೈಯಿಂದ ಮುಟ್ಟಲಿಲ್ಲ. ಕಡ್ಡಿಯಿಂದ ಹೊರಳಿಸಿ ನೋಡಿ, ದೂರ ನಿಂತು, ಒಣಹುಲ್ಲು ಹಾಕಿ ಅಲ್ಲೇ ಸುಟ್ಟರು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಒಂದು ಇಲಿಗೆ ಯಾಕಿಷ್ಟು ಎಂದು ಕೇಳಿದೆ. ಆಗ ಅವರು ಮೊದಲ ಸಲ ತಮ್ಮ ಮನೆಯ ಮಾತು ಆಡಿದರು.

ಅವರು ದಂಡಿನಲ್ಲಿದ್ದಾಗ ಅವರ ಹೆಂಡತಿ, ಇಬ್ಬರು ಮಕ್ಕಳು ಹೆಂಡತಿಯ ತವರಿನಲ್ಲಿದ್ದರಂತೆ. ಆ ಊರಲ್ಲಿ ಪ್ಲೇಗಿನ ಇಲಿ ಬಿದ್ದವು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು, ಅದು ಎಲ್ಲರಿಗೂ ಗೊತ್ತು. ಆದರೆ ಊರ ಹಿರಿಯರು, ಹಬ್ಬ ಬಂದಿದೆ, ಹಬ್ಬ ಆಗಲಿ, ಆಮೇಲೆ ಹೊರಬೀಳೋಣ ಎಂದರು. ಎಂಟು ದಿನ ಹೋಯಿತು. ಇವರು ಯುದ್ಧ ಮುಗಿಸಿ ಬಂದಾಗ ಮನೆಯ ಬಾಗಿಲಿಗೆ ಕಲ್ಲು ಒಟ್ಟಿದ್ದರು.

“ಎಂಟ ದಿನಾರಿ” ಎಂದರು. ಬೂದಿಯ ಮೇಲೆ ಮಣ್ಣು ಎಳೆದು ಹೋದರು.

ಮರುದಿನ ಮಧ್ಯಾಹ್ನ ಉಗ್ರಾಣದ ಬಾಗಿಲಲ್ಲಿ ನಾನೇ ನೋಡಿದೆ. ಬೆಲ್ಲ ತರಲೆಂದು ಹೋಗಿದ್ದೆ. ಒಂದು ಇಲಿ ಹಗಲು ಹೊತ್ತಿನಲ್ಲಿ, ನನ್ನ ಕಾಲ ಹತ್ತಿರವೇ, ಅಮಲೇರಿದ ಹಾಗೆ ಗಿರಗಿರ ತಿರುಗುತ್ತಿತ್ತು. ಹೆದರಿ ಓಡಲಿಲ್ಲ. ನೋಡನೋಡುತ್ತ ಪಕ್ಕಕ್ಕೆ ಬಿತ್ತು. ಒಳಗೆ ಬಾದಾಮಿ ಚೀಲದ ಹಿಂದೆ ಇನ್ನೂ ಮೂರು ಬಿದ್ದಿದ್ದವು. ಮನೆಯ ಬೆಕ್ಕು ಬಂದು ಮೂಸಿ, ಮುಟ್ಟದೆ ಹಿಂದಕ್ಕೆ ಹೋಯಿತು. ಅದೇ ಕೋಣೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ನಮ್ಮ ಅಡುಗೆಯ ಅಜ್ಜಿ ಮಲಗುತ್ತಿದ್ದಳು. ಅತ್ತೆಯವರ ದೂರದ ಸಂಬಂಧಿ, ವಿಧವೆ, ನಲವತ್ತು ವರ್ಷದಿಂದ ಆ ಮನೆಯಲ್ಲಿ ಬೇಯಿಸಿ ಹಾಕಿದವಳು. ಅವಳೇ ಆ ಇಲಿಗಳನ್ನು ಮೊರದಲ್ಲಿ ಗುಡಿಸಿ ಹಿತ್ತಲಿಗೆ ಚೆಲ್ಲಿದಳು.

ಮಾಲಿ ಅವನ್ನು ನೋಡಿದರು. ಸಂಜೆ ಮಾವನವರು ಕಟ್ಟೆಯ ಮೇಲೆ ಕುಳಿತಾಗ ಅಂಗಳದಲ್ಲಿ ಬಂದು ನಿಂತರು. ಇವತ್ತೇ ಎಲ್ಲರೂ ಮನೆ ಬಿಡಬೇಕು, ಜೈತೂನದ ಸಾಲಿನ ಆಚೆ ಬಯಲಲ್ಲಿ ಜೋಳದ ಕಣಕಿಯ ಮೂರು ಗುಡಿಸಲು ಹಾಕಿದ್ದೇನೆ, ಹಾಸಿಗೆ ಬಟ್ಟೆ ಒಂದನ್ನೂ ತರಬಾರದು ಎಂದರು. ನಾನು ಕದದ ಹಿಂದಿನಿಂದ ಕೇಳುತ್ತಿದ್ದೆ.

ಮಾವನವರು ದನಿ ಏರಿಸಲಿಲ್ಲ. “ನಾಡದ ಬೀಗರು ಬರ್ತಾರ. ಈ ಮಾತು ಈ ಅಂಗಳಾ ದಾಟಬಾರದು. ಯಾವ ಇಲಿನೂ ಇಲ್ಲ. ತಿಳೀತಿಲ್ಲೊ?”

“ಅದಾವ್ರಿ” ಎಂದರು ಅವರು.

ಮಾವನವರು ಎದ್ದು ಒಳಗೆ ಬಂದುಬಿಟ್ಟರು. ನಾನು ಹಿತ್ತಲಿಗೆ ನೀರಿಗೆ ಹೋದಾಗ ಮಾಲಿ ಕಲ್ಲಿನ ನೀರುದೋಣಿಯ ಹತ್ತಿರ ಕಾಯುತ್ತಿದ್ದರು. ನನ್ನನ್ನು ಅವರಾಗಿ ಮಾತಾಡಿಸಿದ್ದು ಅದೇ ಮೊದಲು.

“ಸಣ್ಣ ಅವ್ವಾರ, ನೀವೂ ನೋಡೀರಿ. ಒಂದ ಮಾತು ಹೇಳ್ರಿ. ಬಸರಿ ಹೆಣಮಗಳ ಮಾತು ತಗದ ಹಾಕೂದಿಲ್ಲ ಅವರು.”

ನಾನು ಹೂಂ ಎಂದೆ. ಒಳಗೆ ಹೋದೆ. ಊಟಕ್ಕೆ ಬಡಿಸಿದೆ. ಮಾವನವರ ಮುಂದೆ ನಿಂತು ನಾನು ಅಲ್ಲಿಯವರೆಗೆ ಒಂದು ಮಾತನ್ನೂ ಆಡಿದವಳಲ್ಲ. ಗಂಡ ಹುಬ್ಬಳ್ಳಿಯ ಅಂಗಡಿಯಲ್ಲಿದ್ದರು. ಅತ್ತೆ ನಾದಿನಿಯ ಸೀರೆಗಳನ್ನು ಹರಡಿಕೊಂಡು ಕುಳಿತಿದ್ದರು. ಈ ಸಂಬಂಧ ನನ್ನ ಬಾಯಿಂದ ತಪ್ಪಿತು ಎಂದಾಗಬಾರದು ಎಂದುಕೊಂಡೆ. ನಾಳೆ ಹೇಳಿದರಾಯಿತು ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಮಾವನವರು ಬೀಗರ ಬರುವಿಕೆಯನ್ನು ಗಟ್ಟಿ ಮಾಡಲು ಮೋಟಾರಿನಲ್ಲಿ ಸವಣೂರಿಗೆ ಹೋದರು. ಅವರು ಹೋದ ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಸದ್ದಾಯಿತು. ನಡುಮನೆಯ ಕತ್ತಲಲ್ಲಿ ಅಂಗೈಯಗಲದ ಬಿಸಿಲು ಬಿತ್ತು. ನೋಡುತ್ತಿದ್ದ ಹಾಗೆ ಅದು ಚಾಪೆಯಷ್ಟಾಯಿತು. ಅತ್ತೆಯವರು ಕಳ್ಳರು ಎಂದುಕೊಂಡು ಅಂಗಳಕ್ಕೆ ಓಡಿದರು. ನಾವೂ ಹಿಂದೆ ಹೋದೆವು. ಮಾಲಿ ಮಾಡಿನ ಮೇಲೆ ನಿಂತು ಹೆಂಚು ತೆಗೆಯುತ್ತಿದ್ದರು.

ಪ್ಲೇಗಿನ ಕಾಲದಲ್ಲಿ ಇಲಿ ಬಿದ್ದ ಮನೆಗೆ ಬಿಸಿಲು ಬೀಳಲೆಂದು ಹೆಂಚು ಇಳಿಸುತ್ತಿದ್ದರು. ಅದನ್ನು ನಮ್ಮ ಸೀಮೆಯಲ್ಲಿ ಕಂಡರಿಯದ ದೊಡ್ಡವರು ಇರಲಿಲ್ಲ. ಅತ್ತೆಯವರಿಗೂ ಗೊತ್ತಿತ್ತು. ಆದರೂ ಅವರು ಬೈದರು, ಕಲ್ಲು ತೂರಿದರು. ಮಾಲಿ ತಿರುಗಿ ನೋಡಲಿಲ್ಲ; ನಮ್ಮ ಕಡೆ ಇದ್ದದ್ದು ಅವರ ಬಲಗಿವಿ. ಒಂದು ಸಾಲು ಬಿಚ್ಚುವುದು, ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಕೆಳಗಿಳಿಸುವುದು, ತಾವೇ ಏಣಿಯಿಂದ ಇಳಿದು ಗೋಡೆಗೆ ಒರಗಿಸಿ ಜೋಡಿಸುವುದು, ಮತ್ತೆ ಹತ್ತುವುದು. ಉಗ್ರಾಣದ ಮೇಲಿನ ಹೆಂಚು ಮುಗಿದ ಮೇಲೆ ಜಂತಿಗಳ ನಡುವಿನಿಂದ ಒಳಕ್ಕೆ ಇಳಿದರು. ಹೊಸ್ತಿಲು ದಾಟದ ಮನೆಗೆ ಅವರು ಮೊದಲ ಸಲ ಬಂದದ್ದು ಹಾಗೆ, ಮೇಲಿನಿಂದ. ನಾಲ್ಕೂ ಚೀಲಗಳನ್ನು ಹಿತ್ತಲ ಬಾಗಿಲಿನಿಂದ ಎಳೆದು ತಂದು, ಕಟ್ಟಿಗೆ ಒಟ್ಟಿ, ಚಿಮಣಿ ಎಣ್ಣೆ ಸುರಿದು ಸುಟ್ಟು, ಉಳಿದ ಹೆಂಚಿಗೆ ಮತ್ತೆ ಮೇಲೆ ಹತ್ತಿದರು. ಬಾದಾಮಿ ಸುಡುವ ವಾಸನೆ ಸಿಹಿಯಾಗಿರುತ್ತದೆ. ನನಗೆ ಆ ವಾಸನೆ ಇವತ್ತಿಗೂ ಆಗುವುದಿಲ್ಲ.

ಮಾವನವರು ಬಂದಾಗ ಮಧ್ಯಾಹ್ನ. ಮೋಟಾರಿನಿಂದ ಇಳಿದು ಮೇಲೆ ನೋಡಿದರು.

“ಇಳಿ ಕೆಳಗ” ಎಂದರು.

“ಇನ್ನ ಎರಡ ಸಾಲ ಅದಾವ್ರಿ. ಮುಗಿಸಿ ಇಳಿತೇನಿ.”

ಮುಗಿಸಿಯೇ ಇಳಿದರು. ಮಾವನವರು ಗೋಡೆಗೆ ಒರಗಿಸಿದ್ದ ಅವರ ಬೆತ್ತವನ್ನೇ ಎತ್ತಿಕೊಂಡು ಹೊಡೆದರು. ಅವರು ಕೈ ಅಡ್ಡ ತರಲಿಲ್ಲ. ಹೊಡೆತ ನಿಂತ ಮೇಲೆ, ಹಾಸಿಗೆ ಒಯ್ಯಬೇಡಿ ಎಂದು ಮತ್ತೆ ಹೇಳಿದರು. ಮನೆಯಲ್ಲಿ ಇರುವ ಹಾಗಿರಲಿಲ್ಲ, ಗುಡಿಸಲಿಗೆ ಹೋಗಲು ಮಾವನವರು ಒಪ್ಪಲಿಲ್ಲ. ನಮ್ಮೆಲ್ಲರನ್ನೂ ಮೋಟಾರಿನಲ್ಲಿ ತುಂಬಿ ಅತ್ತೆಯವರ ತವರಿಗೆ, ಹಾನಗಲ್ಲಿಗೆ ಕಳಿಸಿದರು. ನಾವು ಉಟ್ಟ ಬಟ್ಟೆಯಲ್ಲೇ ಹೊರಟೆವು. ಅಡುಗೆಯ ಅಜ್ಜಿ ಮಾತ್ರ ತನ್ನ ಕೌದಿಯ ಗಂಟನ್ನು ಮಡಿಲಲ್ಲಿ ಹಿಡಿದು ಕೂತಳು. ಆಕೆಗೆ ಈ ಲೋಕದಲ್ಲಿ ಇದ್ದದ್ದು ಅದೊಂದೇ.

ನಾಲ್ಕನೆಯ ದಿನ ಆಕೆ ಹಾನಗಲ್ಲಿನಲ್ಲಿ ತೀರಿಕೊಂಡಳು. ಕಂಕುಳಲ್ಲಿ ಗಂಟು ಎದ್ದಿತ್ತು. ಮುಪ್ಪಿನ ಜ್ವರ ಎಂದು ಮನೆಯವರು ಹೊರಗೆ ಹೇಳಿದರು. ನಮಗೆ ಉಳಿದವರಿಗೆ ಏನೂ ಆಗಲಿಲ್ಲ.

ಬಂಗಲೆಯ ಪಕ್ಕದ ಹಳ್ಳಿಯವರಿಗೆ ಯಾರೂ ಏನನ್ನೂ ಹೇಳಬೇಕಾಗಲಿಲ್ಲ. ದಿಬ್ಬದ ಮೇಲಿನ ಹೆಂಚಿಲ್ಲದ ಮನೆ ಎಲ್ಲರ ಕಣ್ಣಿಗೂ ಬಿತ್ತು. ಆ ದಿನವೇ ದನಕರು, ಮಕ್ಕಳು ಮರಿ ಹಿಡಿದುಕೊಂಡು ಹೊಲಕ್ಕೆ ಹೊರಟರಂತೆ. ಊರೊಳಗೆ ಇಲಿ ಬಿದ್ದದ್ದು ಅವರು ಹೊರಬಿದ್ದ ವಾರದ ಮೇಲೆ. ಹಠ ಹಿಡಿದು ಊರಲ್ಲೇ ಉಳಿದ ಎರಡು ಮನೆಯವರನ್ನು ಬಿಟ್ಟರೆ ಎಲ್ಲರೂ ಬದುಕಿಕೊಂಡರು.

ಫೌಜದಾರರು ಬಂದಾಗ ಮಾಲಿ ಓಡಿಹೋಗಿರಲಿಲ್ಲ. ದಾಳಿಂಬೆಗೆ ನೀರು ಕಟ್ಟುತ್ತಿದ್ದರು. ಪಾತಿ ತುಂಬುವವರೆಗೆ ತಡೆಯಿರಿ ಎಂದು ಕೇಳಿಕೊಂಡರಂತೆ.

ಮಾಲಿ ತಲೆ ಕೆಟ್ಟು ಮನೆ ಬಿಚ್ಚಿದ ಎಂದು ಸವಣೂರಿನ ಬೀಗರಿಗೆ ಹೇಳಿ ಆಗಿತ್ತು. ಒಮ್ಮೆ ಹೇಳಿದ ಮೇಲೆ ಅದನ್ನೇ ಕೋರ್ಟಿನಲ್ಲೂ ಹೇಳಬೇಕಾಯಿತು. ಮನೆ ಹೊಕ್ಕದ್ದು, ಮಾಡು ನಾಶ ಮಾಡಿದ್ದು, ಮಾಲು ಸುಟ್ಟದ್ದು ಅವರ ಮೇಲಿನ ಆರೋಪಗಳು. ನನ್ನ ಗಂಡ ಅಲ್ಲಿದ್ದರು. ಮನೆಗೆ ಬಂದು ಹೇಳಿದರು. ನಾಶ ಮಾಡಿದೆಯಾ ಎಂದು ಕೇಳಿದ್ದಕ್ಕೆ, “ಒಂದೂ ಒಡದಿಲ್ರಿ. ಇಳಿಸೇನಿ” ಎಂದರಂತೆ. ಮನೆಯಲ್ಲಿ ಸತ್ತ ಇಲಿಗಳನ್ನು ಕಂಡಿರಾ ಎಂದು ಮಾವನವರನ್ನು ಕೇಳಿದರು. ಇಲ್ಲ ಎಂದರು. ಇಲಿ ಇದ್ದವು ಎನ್ನಲು ನಿನಗೆ ಸಾಕ್ಷಿ ಯಾರಾದರೂ ಇದ್ದಾರೆಯೇ ಎಂದು ಮಾಲಿಯನ್ನು ಕೇಳಿದರು. ಅವರು ಎಡಗಿವಿ ಕೊಟ್ಟು ಕೇಳಿ, ಯಾರೂ ಇಲ್ಲ ಎಂದರಂತೆ. ಆರು ತಿಂಗಳ ಸಜೆಯಾಯಿತು.

ಆ ಮಾತು ಕೇಳಿದಾಗ ನಾನು ಬಾಣಂತಿಯ ಕೋಣೆಯಲ್ಲಿದ್ದೆ. ಮಗಳು ನನ್ನ ಪಕ್ಕದಲ್ಲಿ ಮಲಗಿದ್ದಳು. ನಾನು ಅವಳ ಹೊದಿಕೆ ಸರಿಮಾಡಿದೆ.

ಬಂಗಲೆಗೆ ಮತ್ತೆ ಹೆಂಚು ಹೊದಿಸಿದರು, ಆದರೆ ಯಾರೂ ಹೋಗಿ ಇರಲಿಲ್ಲ. ಅಂಜೂರ ಎರಡು ಬೇಸಿಗೆಯಲ್ಲಿ ಒಣಗಿತು. ದಾಳಿಂಬೆಯನ್ನು ಆಡು ತಿಂದವು. ಮಾವನವರು ಅದನ್ನು ಮಾರಲೂ ಇಲ್ಲ, ಅದರ ಹೆಸರು ಎತ್ತಲೂ ಇಲ್ಲ. ನಾದಿನಿ ಸವಣೂರಿಗೆ ಮದುವೆಯಾಗಿ ಹೋದಳು.

ಯುದ್ಧ ಮುಗಿದ ಮೇಲೆ ಒಂದು ಮದುವೆಗೆಂದು ಹಿರೇಕೆರೂರಿಗೆ ಹೋಗಿದ್ದೆ. ಹಂಸಭಾವಿಯ ಒಂದು ಶಾಲೆಯ ಹಿತ್ತಲಲ್ಲಿ ಅಂಜೂರ ಹಣ್ಣಾಗುತ್ತದೆ, ಯಾರೋ ದಂಡಿಗೆ ಹೋಗಿಬಂದ ಮುದುಕ ಬೆಳೆಸಿದ್ದಾನೆ ಎಂದು ಊಟದ ಪಂಕ್ತಿಯಲ್ಲಿ ಮಾತು ಬಂತು. ಮರುದಿನ ಮಗಳನ್ನು ಕರೆದುಕೊಂಡು ಬಾಡಿಗೆ ಚಕ್ಕಡಿಯಲ್ಲಿ ಹೋದೆ.

ಅವರೇ. ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿಯಲು ಹೊತ್ತಾಗಲಿಲ್ಲ. “ಬರ್ರಿ ಅವ್ವಾರ” ಎಂದು ಎದ್ದರು. ಮಗಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, “ಇಕೀನ ಏನ್ರಿ?” ಎಂದರು. ಹೌದು ಎಂದೆ. ಅವಳಿಗೆ ಒಂದು ಹಣ್ಣು ಕಿತ್ತು ಕೊಟ್ಟರು.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಕೊನೆಗೆ, “ಕೋರ್ಟಿನ್ಯಾಗ ನನ್ನ ಹೆಸರು ಯಾಕ ಹೇಳಲಿಲ್ರಿ ನೀವು?” ಎಂದು ಕೇಳಿದೆ. ಅವರನ್ನು ‘ನೀವು’ ಎಂದದ್ದು ಅದೇ ಮೊದಲು. ಅದು ಇಬ್ಬರ ಕಿವಿಗೂ ಬಿತ್ತು.

ಅವರು ಕೈಯ ಮಣ್ಣು ಒರೆಸಿಕೊಂಡರು. “ನಿಮಗ ದಿನಾ ತುಂಬಿರಬೇಕು, ನಿಮ್ಮನ್ನ ಕೋರ್ಟಿನ ಕಟ್ಟಿ ಹತ್ತಸೂದು ಬ್ಯಾಡ ಅನಿಸ್ತು.” ಮಗಳ ಕೈಗೆ ಇನ್ನೊಂದು ಹಣ್ಣು ಕೊಟ್ಟು ಹೇಳಿದರು, “ಮತ್ತ, ನೀವೂ ಇಲ್ಲ ಅಂದಬಿಟ್ಟಿದ್ರ?”

ಅದರಲ್ಲಿ ಸಿಟ್ಟಿರಲಿಲ್ಲ. ಸತ್ತ ಸಸಿಯ ಬೇರು ತೊಳೆದು ನೋಡಿ ಹೇಳುತ್ತಿದ್ದರಲ್ಲ, ಅದೇ ದನಿ. ನಿಜ ಹೇಳುತ್ತಿದ್ದೆನೋ ಇಲ್ಲವೋ, ಆ ಹೊತ್ತಿಗೂ ನನಗೆ ಗೊತ್ತಿರಲಿಲ್ಲ. ಬಿಸಿಲೇರುತ್ತದೆ, ಮಗುವನ್ನು ಕರೆದುಕೊಂಡು ಹೊರಡಿ ಎಂದು ಅವರೇ ಹೇಳಿದರು. ಚಕ್ಕಡಿಯವರೆಗೆ ಬಂದು ನಿಂತರು.

ಹುಬ್ಬಳ್ಳಿಗೆ ಬಂದ ರಾತ್ರಿ ಮಾವನವರಿಗೆ ಊಟಕ್ಕೆ ಬಡಿಸುತ್ತಿದ್ದೆ. ಗಂಡ, ಅತ್ತೆ ಇಬ್ಬರೂ ಇದ್ದರು. ಪಾತ್ರೆಯನ್ನು ಕೆಳಗಿಟ್ಟು ನಿಂತುಕೊಂಡೆ. “ಮಾವನವರ, ಅವತ್ತ ಬಂಗಲ್ಯಾಗ ಸತ್ತ ಇಲಿ ನಾ ನೋಡಿದ್ದೆ. ನಾಕ ಇದ್ದೂ. ಮಾಲಿ ಸುಳ್ಳ ಹೇಳಿರಲಿಲ್ಲ.”

ಅತ್ತೆಯವರು ನನ್ನ ಸೆರಗು ಹಿಡಿದು ಜಗ್ಗಿದರು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾವನವರು ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿ ಇಟ್ಟರು. ಬೈಯುತ್ತಾರೆ ಎಂದು ಕಾದೆ.

“ನಾನೂ ನೋಡಿದ್ದೆ” ಎಂದರು. “ಹುಬ್ಬಳ್ಳಿ ವಖಾರದಾಗ. ಆ ಚೀಲಾ ಹೇರಸೂ ದಿನಾನ.”

ಅಷ್ಟೇ. ಅವರ ಎಂಜಲಗೈ ಹಾಗೆಯೇ ಒಣಗಿತು. ಯಾರೂ ಏಳಲಿಲ್ಲ, ಯಾರೂ ಉಣ್ಣಲಿಲ್ಲ. ಅಡುಗೆಯ ಅಜ್ಜಿ ಇಲಿಗಳನ್ನು ಮೊರದಲ್ಲಿ ಗುಡಿಸಿದ್ದು, ಕೌದಿಯ ಗಂಟು ಮಡಿಲಲ್ಲಿ ಹಿಡಿದು ಮೋಟಾರಿನಲ್ಲಿ ನನ್ನ ಪಕ್ಕದಲ್ಲೇ ಕೂತದ್ದು ಕಣ್ಣ ಮುಂದೆ ಬಂತು. ಮಾವನವರು ಆ ಮಳೆಗಾಲ ದಾಟಲಿಲ್ಲ.

ಅವರ ಈ ಮಾತನ್ನು ಹಂಸಭಾವಿಗೆ ಹೋಗಿ ಮಾಲಿಗೆ ತಿಳಿಸಬೇಕೆಂದು ಆ ರಾತ್ರಿಯೇ ನಿಶ್ಚಯಿಸಿದ್ದೆ. ಮಾವನವರ ವರ್ಷದ ಕಾರ್ಯ ಮುಗಿಯಲಿ ಎಂದೆ. ಸುಗ್ಗಿ ಆಗಲಿ ಎಂದೆ. ಮಗಳ ಪರೀಕ್ಷೆ ಆಗಲಿ ಎಂದೆ. ಹೋದದ್ದು ಮೂರನೆಯ ವರ್ಷದ ಬೇಸಿಗೆಯಲ್ಲಿ. ಶಾಲೆಗೆ ರಜೆ. ಸಿಪಾಯಿಯೊಬ್ಬ ಬೀಗದ ಕೈ ಹಿಡಿದು ಕಟ್ಟೆಯ ಮೇಲೆ ಕೂತಿದ್ದ. ಮಾಲಿ ತೀರಿಕೊಂಡು ಇಪ್ಪತ್ತು ದಿನವಾಯಿತು ಎಂದ. ಒಂದೇ ದಿನದ ಜ್ವರ, ಯಾರಿಗೂ ತೊಂದರೆ ಕೊಡಲಿಲ್ಲ ಎಂದ. ನಾನು ಹಿತ್ತಲಿಗೆ ಹೋಗಿ ನೋಡಿದೆ. ಅಂಜೂರದ ಎಲೆಗಳು ಬಿಸಿಲಿಗೆ ಜೋತುಬಿದ್ದಿದ್ದವು, ಪಾತಿಯ ಮಣ್ಣು ಬಿರಿದಿತ್ತು.

ಗಿಡಗಳಿಗೆ ಈಗ ನೀರು ಯಾರು ಹಾಕುತ್ತಾರೆ ಎಂದು ಸಿಪಾಯಿಯನ್ನು ಕೇಳಿದೆ. ಯಾರೂ ಇಲ್ಲ ಎಂದ. ಬಾವಿ ಎಲ್ಲಿದೆ ಎಂದು ಕೇಳಿದೆ.